ತೆಲಿದಿಂಬಿನ ಕೆಳಗಿನ ರಿವಾಲ್ವರ್

ಪ್ರಶ್ನೆ: ನಮ್ದು ತಿಕೋಟಾ ಕಡೆ ದ್ರಾಕ್ಷಿ ತೋಟ ಐತ್ರಿ, ರೊಕ್ಕ ತಗೊಂಡ್ ಓಡಾಡೂದಕ್ಕ ಲೈಸೆನ್ಸ್ ಮಾಡಿಸಿ .32 ರಿವಾಲ್ವರ್ ಇಟ್ಕೊಂಡೀನಿ. ಹಗಲೆಲ್ಲಾ ಸೊಂಟದಾಗ ಇರ್ತೈತಿ, ರಾತ್ರಿ ತೆಲಿದಿಂಬಿನ ಕೆಳಗ ಇಟ್ಟು ಮಲಗ್ತೀನಿ. ಮನ್ಯಾಗ ಐದು ವರ್ಷದ ಮೊಮ್ಮಗ ಅದಾನ, ಮನ್ಯಾಕಿ ದಿನಾ ಜಗಳಾ ತಗೀತಾಳ. ಎಲ್ಲಿಡ್ಲಿ?
— ಒಬ್ಬ ಓದುಗ, ವಿಜಯಪುರ

ಉತ್ತರ: ಜಗಳದಾಗ ನಿಮ್ಮ ಮನ್ಯಾರದ್ದೇ ಖರೇ ಐತ್ರಿ ಯಜಮಾನ್ರ. ನಿದ್ದಿಗಣ್ಣಾಗ ಕೈ ಎಲ್ಲಿ ಬೀಳ್ತೈತೋ ನಿಮಗ ಗೊತ್ತಾಗಂಗಿಲ್ಲ, ಹುಡುಗ ನಸುಕಿನ್ಯಾಗ ಅಜ್ಜನ ಹಾಸಗ್ಯಾಗ ಬಂದು ನುಸುಳ್ತಾನ, ಆಟಿಗಿ ಅಂತ ಕೈಗೆತ್ಕೊಂಡ್ರ ಮುಗೀತು. ಮನಿಗೆ ಬಂದ ಕೂಡ್ಲೇ, ಊಟಕ್ಕ ಕೂಡೂಕಿಂತ ಮೊದ್ಲ, ನಳಿಗಿ ಮಂದಿ ಕಡೆ ತಿರುಗಿಸದಂಗ ಹಿಡಿದು, ಬಟ್ಟು ಟ್ರಿಗರ್‌ದಿಂದ ದೂರ ಇಟ್ಟು, ಕಾಡತೂಸು ಅಂಗೈಗೆ ಸುರಕೊಂಡು ಎಣಸ್ರಿ, ಆಮ್ಯಾಲೆ ಒಂದೊಂದು ತೂತಿನ್ಯಾಗೂ ಕಣ್ಣಾಡಿಸ್ರಿ. ಖಾಲಿ ಐತಿ ಅಂತ ನೆನಪಿನ ಮ್ಯಾಲೆ ನಂಬಬ್ಯಾಡ್ರಿ.

ಗೋಡಿಗೆ ಬೋಲ್ಟ್ ಹಾಕಿ ಕೂಡ್ರಿಸೋ ಸಣ್ಣ ಸೇಫ್ ಸಿಗ್ತಾವ, ಅದ್ರಾಗಿಡ್ರಿ. ಕಾಡತೂಸು ಬ್ಯಾರೆ ಕಡೆ, ಬ್ಯಾರೆ ಕೀಲಿ. ಸೀರಿ ಇಡೋ ಅಲ್ಮಾರಿ ಬ್ಯಾಡ, ಅದರ ಕೀಲಿ ಎಲ್ಲೈತಿ ಅಂತ ಇಡೀ ಮನಿಗೆ ಗೊತ್ತಿರ್ತೈತಿ (ಮೊಮ್ಮಗನಿಗೆ ಎಲ್ಲಾರಕಿಂತ ಚಲೋ!). ಚರ್ಮದ ಹೋಲ್‌ಸ್ಟರ್ ಸಮೇತ ಇಡಬ್ಯಾಡ್ರಿ, ಬೆವರು ಹಿಡಿದಿರ್ತೈತಿ, ತುಕ್ಕು ಬರ್ತೈತಿ, ಒರಸಿ ತೆಳ್ಳಗ ಎಣ್ಣಿ ಹಚ್ಚಿ ಇಡ್ರಿ.

ಇನ್ನೊಂದು, ಊರಿಗೆ ಹೋಗೂವಾಗ ಕೀಲಿ ಮಗನ ಕೈಯಾಗ ಕೊಡಬ್ಯಾಡ್ರಿ, ಲೈಸೆನ್ಸ್ ನಿಮ್ಮ ಹೆಸರಿಲೆ ಐತಿ. ಕಳುವಾದ್ರ ಅವತ್ತೇ ಠಾಣೆಗೆ ಹೋಗಿ ಬರೆಸ್ರಿ.