ಚಿಲಕ ಹಾಕಿದರೆ ನಂಬಿಕೆ ಕಡಿಮೆಯಾಯಿತೇ?

ಪ್ರಶ್ನೆ: ಅಕ್ಕಾ, ನಾನು ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಲು ಒಪ್ಪದೆ ಮೇಲಿನವರಿಗೆ ತಿಳಿಸಿದೆ. ಅಂದಿನಿಂದ ಜೊತೆಯವರು ಮಾತು ಬಿಟ್ಟಿದ್ದಾರೆ. ಮೂರು ವಾರದಿಂದ ರಾತ್ರಿ ಹೊತ್ತು ಯಾರೋ ಫೋನ್ ಮಾಡಿ ಬೆದರಿಸುತ್ತಿದ್ದಾರೆ. ಬೈಬಲಿನ 91ನೇ ಕೀರ್ತನೆ ಓದಿಯೇ ಮಲಗುತ್ತೇನೆ, ಆದರೂ ಫೋನ್ ಸದ್ದಾದರೆ ಕೈ ನಡುಗುತ್ತದೆ. ಪೊಲೀಸರಿಗೆ ದೂರು ಕೊಡು ಅನ್ನುತ್ತಾನೆ ತಮ್ಮ. ಸಭೆಯ ಹಿರಿಯರೊಬ್ಬರು, ‘ದೇವರ ರೆಕ್ಕೆಯ ಕೆಳಗಿರುವವಳಿಗೆ ಪೊಲೀಸರೇಕಮ್ಮಾ?’ ಅಂದರು. ನನ್ನ ನಂಬಿಕೆ ಅಷ್ಟು ಚಿಕ್ಕದೇ?
– ಹೆಸರು ಪ್ರಕಟಿಸಬೇಡಿ

ಉತ್ತರ: ತಂಗೀ, ನಿಮ್ಮ ಪತ್ರ ಓದುತ್ತಿದ್ದಂತೆ ನಮ್ಮ ಹಿಂಬಾಗಿಲ ಎರಡನೇ ಚಿಲಕ ಕಣ್ಣಮುಂದೆ ಬಂತು.

ನನ್ನ ಯಜಮಾನರು ಸಭಾಪಾಲಕರಾಗಿದ್ದರು. ಒಂದು ರಾತ್ರಿ ಯಾರೋ ಬಾಗಿಲ ಸಂದಿಯಿಂದ ಸಹಿಯಿಲ್ಲದ ಪತ್ರ ತೂರಿಸಿ ಹೋದರು. ಅದರಲ್ಲಿದ್ದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಶ್ಶೂರದ ಅರಸನ ಬೆದರಿಕೆ ಪತ್ರವನ್ನು ಯೆಹೂದದ ಅರಸ ಹಿಜ್ಕೀಯನು ದೇವಾಲಯದಲ್ಲಿ ದೇವರ ಮುಂದೆ ಬಿಚ್ಚಿಟ್ಟನಲ್ಲ, ಇವರೂ ಹಾಗೆಯೇ ಅದನ್ನು ಮೇಜಿನ ಮೇಲೆ ಹರವಿ ಮೊಣಕಾಲೂರಿದರು. ಬಹಳ ಹೊತ್ತು ಅತ್ತರು. ಆಮೇಲೆ ಎದ್ದು ಸ್ಕ್ರೂಡ್ರೈವರ್ ಹುಡುಕಿ ಹಿಂಬಾಗಿಲಿಗೆ ಇನ್ನೊಂದು ಚಿಲಕ ಬಿಗಿದರು. ನನಗೆ ಸಿಟ್ಟೇ ಬಂತು. ‘ಈಗ ತಾನೇ ದೇವರ ಕೈಗೆ ಒಪ್ಪಿಸಿದಿರಲ್ಲಾ, ಮತ್ತೆ ಇದೇನು?’ ಅಂದೆ. ಅವರು ವಾದ ಮಾಡಲಿಲ್ಲ. ಅಪೊಸ್ತಲರ ಕೃತ್ಯಗಳು 23ನೇ ಅಧ್ಯಾಯ ತೆಗೆದು, ಗಟ್ಟಿಯಾಗಿ ಓದು ಅಂದರು.

ನೀವೂ ಇವತ್ತೇ ಓದಿ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನು ಯೆರೂಸಲೇಮಿನಲ್ಲಿ ಸೆರೆಯಲ್ಲಿದ್ದಾನೆ. ರಾತ್ರಿ ಕರ್ತನೇ ಅವನ ಪಕ್ಕದಲ್ಲಿ ನಿಂತು, ಧೈರ್ಯವಾಗಿರು, ರೋಮಾಪುರದಲ್ಲೂ ನೀನು ಸಾಕ್ಷಿ ಹೇಳಬೇಕು ಅನ್ನುತ್ತಾನೆ. ಬೆಳಗಾದರೆ, ಇವನನ್ನು ಕೊಲ್ಲುವ ತನಕ ಅನ್ನನೀರು ಮುಟ್ಟುವುದಿಲ್ಲವೆಂದು 40ಕ್ಕೂ ಹೆಚ್ಚು ಜನ ಶಪಥ ಮಾಡುತ್ತಾರೆ. ಆ ಸುದ್ದಿಯನ್ನು ಪೌಲನ ಅಕ್ಕನೋ ತಂಗಿಯೋ, ಅವಳ ಮಗ ತಂದು ಮುಟ್ಟಿಸುತ್ತಾನೆ. ಕರ್ತನ ಬಾಯಿಂದಲೇ ಮಾತು ಪಡೆದವನು ಪೌಲ. ನನಗೇನೂ ಆಗದು ಬಿಡು ಎಂದು ಹುಡುಗನನ್ನು ಮನೆಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಕಾವಲಿದ್ದ ರೋಮ್ ಸೇನೆಯ ಶತಾಧಿಪತಿಯನ್ನು ಕರೆದು, ಈ ಹುಡುಗನನ್ನು ನಿಮ್ಮ ಮೇಲಧಿಕಾರಿ ಸಹಸ್ರಾಧಿಪತಿಯ ಬಳಿಗೆ ಕರೆದುಕೊಂಡು ಹೋಗು ಅಂದ. ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರು ಅವನ ಕಾವಲಿಗೆ ಹೊರಟರು. ಕರ್ತನ ಮಾತು ನೆರವೇರಿದ್ದು ಆ ಸಿಪಾಯಿಗಳ ಕಾಲ್ನಡಿಗೆಯಲ್ಲೇ.

ನಿಮ್ಮ ಸಭೆಯ ಹಿರಿಯರ ಮನಸ್ಸಿನಲ್ಲಿ ಹಳೆಯ ಒಡಂಬಡಿಕೆಯ ಯಾಜಕ ಎಜ್ರನಿದ್ದಾನೇನೋ. ದೇವರು ಕಾಯುತ್ತಾನೆಂದು ಅರಸನಿಗೆ ಹೇಳಿಬಿಟ್ಟಿದ್ದೇನೆ, ಈಗ ಕಾವಲು ಕೇಳಲು ನಾಚಿಕೆ ಎಂದು ಅವನು ಉಪವಾಸವಿದ್ದು ಕಾವಲಿಲ್ಲದೆಯೇ ಯೆರೂಸಲೇಮಿಗೆ ಪ್ರಯಾಣ ಹೊರಟ. ದೊಡ್ಡ ನಂಬಿಕೆ ಅದು. ಆದರೆ ನೆಹೆಮೀಯ ಅದೇ ಯೆರೂಸಲೇಮಿಗೆ ಅರಸನು ಕೊಟ್ಟ ಸೇನಾಪತಿಗಳನ್ನೂ ಸವಾರರನ್ನೂ ಕರೆದುಕೊಂಡೇ ಬಂದ. ದೇವರ ಕೃಪಾಹಸ್ತ ನನ್ನ ಮೇಲಿತ್ತು ಎಂದು ಇಬ್ಬರೂ ಹೇಳುತ್ತಾರೆ. ಎಜ್ರ ಆ ದಾರಿಯನ್ನು ತಾನು ನಡೆಯುವುದಕ್ಕೆ ಆರಿಸಿಕೊಂಡ. ಅದನ್ನು ನಡುಗುತ್ತಿರುವ ಇನ್ನೊಬ್ಬರ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ರೆಕ್ಕೆಯ ಮಾತು ಬರುವ ಅದೇ 91ನೇ ಕೀರ್ತನೆಯ ವಚನ ಹೇಳಿಯೇ ಸೈತಾನನು ಯೇಸುವನ್ನು ದೇವಾಲಯದ ತುದಿಯಿಂದ ಧುಮುಕು ಎಂದದ್ದು. ಯೇಸು ಧುಮುಕಲಿಲ್ಲ.

ನಿಮಗೆ ಏನೂ ಆಗುವುದಿಲ್ಲ ಎಂದು ಮಾತು ಕೊಡಲು ನನಗೆ ಅಧಿಕಾರವಿಲ್ಲ. ಹೇರೋದನ ಕತ್ತಿಗೆ ಯಾಕೋಬ ಬಲಿಯಾದ. ಪೇತ್ರನನ್ನು ದೂತನು ಬಿಡಿಸಿಕೊಂಡು ಬಂದ. ಯೇಸುವಿನ ಈ ಇಬ್ಬರು ಶಿಷ್ಯರ ಕಥೆಯೂ ಇರುವುದು ಅಪೊಸ್ತಲರ ಕೃತ್ಯಗಳ ಒಂದೇ ಅಧ್ಯಾಯದಲ್ಲಿ. ನಮ್ಮ ಮನೆಯಲ್ಲೂ ಚಿಲಕ ಹಾಕಿದ ಬಾಗಿಲಿಗೆ ಯಾರೂ ಬರಲಿಲ್ಲ, ಆದರೆ ಮರುವರ್ಷ ದಾರಿಯಲ್ಲಿ ಯಜಮಾನರನ್ನು ಹೊಡೆದರು. ಎಡಗೈ ಮುರಿಯಿತು. ಆರು ವಾರ ಅವರ ಅಂಗಿಯ ಗುಂಡಿ ನಾನೇ ಹಾಕುತ್ತಿದ್ದೆ. ಆ ದಿನಗಳಲ್ಲಿ 91 ನನ್ನ ಬಾಯಿಗೆ ಬರುತ್ತಿರಲಿಲ್ಲ. 56ನೇ ಕೀರ್ತನೆ ಓದುತ್ತಿದ್ದೆ. ಗತ್ ಊರಿನಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕಿದ ದಾವೀದನ ಹಾಡು ಅದು. ನಾನು ಹೆದರುವುದೇ ಇಲ್ಲ ಎಂದು ಅವನು ಶುರುಮಾಡುವುದಿಲ್ಲ. ಹೆದರಿಕೆಯಾದಾಗ ನಿನ್ನನ್ನು ಆಶ್ರಯಿಸುತ್ತೇನೆ ಅನ್ನುತ್ತಾನೆ. ತನ್ನ ಕಣ್ಣೀರು ದೇವರ ಬುದ್ದಲಿಯಲ್ಲಿ, ಅಂದರೆ ತೊಗಲಿನ ಚೀಲದಲ್ಲಿ, ತುಂಬಿದೆ ಅನ್ನುತ್ತಾನೆ. ನಿಮ್ಮ ಕೈ ನಡುಗುವುದೂ ಆತನಿಗೆ ಗೊತ್ತು ತಂಗೀ, ಅದಕ್ಕಾಗಿ ಆತ ನಿಮ್ಮನ್ನು ಕಡೆಗಣಿಸುವವನಲ್ಲ.

ದೂರು ಕೊಡಿ. ಒಬ್ಬರೇ ಹೋಗಬೇಡಿ, ತಮ್ಮನನ್ನು ಕರೆದುಕೊಂಡು ಹೋಗಿ. ಫೋನ್ ಬಂದ ದಿನ, ಗಂಟೆ, ನಂಬರು, ಆಡಿದ ಮಾತು ಎಲ್ಲವನ್ನೂ ಬರೆದಿಡಿ. ಮೆಸೇಜ್ ಬಂದಿದ್ದರೆ ಎಷ್ಟೇ ಅಸಹ್ಯವೆನಿಸಿದರೂ ಅಳಿಸಬೇಡಿ. ಮೇಲಿನವರಿಗೆ ಕೊಟ್ಟ ಪತ್ರದ ಪ್ರತಿ ತಮ್ಮನ ಬಳಿಯೂ ಇರಲಿ. ಹಿರಿಯರ ಮೇಲೆ ಬೇಸರ ಇಟ್ಟುಕೊಳ್ಳಬೇಡಿ. ಠಾಣೆಗೆ ಹೋಗುವ ದಿನ ನನಗಾಗಿ ಪ್ರಾರ್ಥಿಸಿ ಎಂದು ಅವರನ್ನೇ ಕೇಳಿಕೊಳ್ಳಿ. ಸಭೆಯ ಯಾರಾದರೂ ಅಕ್ಕತಂಗಿಯರು ಕೆಲವು ರಾತ್ರಿ ನಿಮ್ಮ ಜೊತೆ ಮಲಗಲು ಬಂದರೆ ಬೇಡವೆನ್ನಬೇಡಿ.

ದೂರು ಕೊಟ್ಟ ದಿನ ನನಗೆ ಒಂದು ಸಾಲು ಬರೆಯಿರಿ. ಪೌಲನ ಕಾವಲಿನವರು ಹೊರಟದ್ದು ರಾತ್ರಿ ಸುಮಾರು 9 ಗಂಟೆಗೆ. ನಿಮ್ಮ ಸಾಲು ಬರುವ ತನಕ ಅದೇ ಹೊತ್ತಿಗೆ ನಿಮ್ಮ ಹೆಸರು ಹಿಡಿದು ಮೊಣಕಾಲೂರುತ್ತೇನೆ.