ಒಂದೇ ಸಿಂಫನಿ, ಹತ್ತಾರು ರೆಕಾರ್ಡಿಂಗ್: ಹೋಲಿಸಿ ಕೇಳೋದು ಹೇಗೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಒಂದೇ ಕೃತಿಗೆ ಇಷ್ಟೊಂದು ರೆಕಾರ್ಡಿಂಗ್ ಇವೆಯಲ್ಲ, ಇದನ್ನೆಲ್ಲ ಹೋಲಿಸೋದು ಹೇಗೆ, ಯಾವುದನ್ನ ನಂಬೋದು ಅಂತ. ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಉತ್ತರ ಕೆಲವು ಕಡೆ ಉದ್ದ ಆಗಿದೆ.

ಮೇಡಂ, ಬೀಥೋವನ್‌ನ ಐದನೇ ಸಿಂಫನಿದು ಆರೇಳು ರೆಕಾರ್ಡಿಂಗ್ ಕೇಳಿದೆ. ನಿಜ ಹೇಳ್ಬೇಕಂದ್ರೆ ಎಲ್ಲಾ ಒಂದೇ ಥರ ಕೇಳಿಸ್ತು. ನನ್ನ ಕಿವಿ ಸರಿ ಇಲ್ವಾ? ಬೆಸ್ಟ್ ಯಾವುದು ಅಂತ ಒಂದು ಹೆಸರು ಹೇಳಿಬಿಡಿ.

ನಿಮ್ಮ ಕಿವಿ ಚೆನ್ನಾಗೇ ಇದೆ, ಕೇಳೋ ಕ್ರಮ ಬದಲಾಯಿಸ್ಕೊಂಡ್ರೆ ಸಾಕು. ಸಿಂಫನಿ ಅಂದ್ರೆ ಇಡೀ ಆರ್ಕೆಸ್ಟ್ರಾಗೆ, ಅಂದ್ರೆ ದೊಡ್ಡ ವಾದ್ಯವೃಂದಕ್ಕೆ, ಬರೆದ ಉದ್ದನೆಯ ಕೃತಿ. ಅರ್ಧ ಗಂಟೆ ಮೇಲಿರೋ ಅಂಥ ಕೃತಿನ ಪೂರ್ತಿ ಕೇಳಿ, ಆಮೇಲೆ ಇನ್ನೊಬ್ಬರದ್ದನ್ನ ಪೂರ್ತಿ ಕೇಳಿದ್ರೆ, ಎರಡನೇದು ಮುಗಿಯೋ ಹೊತ್ತಿಗೆ ಮೊದಲನೇದರಲ್ಲಿ ಏನಾಗಿತ್ತು ಅಂತ ಯಾರಿಗೂ ನೆನಪಿರಲ್ಲ, ಎಷ್ಟೋ ವರ್ಷದಿಂದ ಕೇಳ್ತಿರೋ ನನಗೂ ಇರಲ್ಲ. ಅದಕ್ಕೇ ನಾನು ಒಂದೇ ಒಂದು ಜಾಗ ಹಿಡ್ಕೊಂಡು ಅದನ್ನ ಮಾತ್ರ ಹತ್ತು ರೆಕಾರ್ಡಿಂಗ್‌ನಲ್ಲಿ ಕೇಳ್ತೀನಿ. ಜಾಗ ಅಂದ್ರೆ ಸುಮ್ನೆ ಎಲ್ಲೋ ಒಂದು ಕಡೆ ಅಲ್ಲ, ಆರ್ಕೆಸ್ಟ್ರಾನ ನಡೆಸೋ ಕಂಡಕ್ಟರ್ ಆದವರು ಹೀಗೋ ಹಾಗೋ ಅಂತ ತೀರ್ಮಾನ ಮಾಡ್ಲೇಬೇಕಾದ ಜಾಗ. ಅಂಥ ಕಡೆ ಒಬ್ಬೊಬ್ಬರ ಬಣ್ಣ ಗೊತ್ತಾಗಿಬಿಡುತ್ತೆ.

ಐದನೇ ಸಿಂಫನಿಯಲ್ಲಿ ಅಂಥ ಜಾಗ ಶುರುವಲ್ಲೇ ಇದೆ. ಎಲ್ಲರಿಗೂ ಗೊತ್ತಿರೋ ಆ ನಾಲ್ಕು ಸ್ವರ ಎರಡು ಸಲ ಬರುತ್ತಲ್ಲ, ಎರಡು ಸಲವೂ ಕೊನೇ ಸ್ವರನ ಹಿಡಿದು ನಿಲ್ಲಿಸಬೇಕು. ಆದರೆ ಸ್ಕೋರ್, ಅಂದ್ರೆ ಬರೆದಿಟ್ಟ ಸ್ವರಲಿಪಿ, ನೋಡಿದ್ರೆ ಎರಡನೇ ಸಲ ಆ ಸ್ವರಕ್ಕೆ ಬೀಥೋವನ್ ಇನ್ನೊಂದು ಬಾರ್ (ತಾಳದ ಒಂದು ಅಳತೆ) ಜಾಸ್ತಿ ಕೊಟ್ಟಿದಾನೆ, ಅಂದ್ರೆ ಎರಡನೇ ನಿಲುಗಡೆ ಮೊದಲನೇದಕ್ಕಿಂತ ಉದ್ದ ಇರ್ಬೇಕು. ನೀವು ಕೇಳಿರೋ ಆರೇಳರಲ್ಲಿ ಆ ವ್ಯತ್ಯಾಸ ಎಷ್ಟರಲ್ಲಿ ಕೇಳಿಸುತ್ತೆ ನೋಡಿ. ಮೊದಲನೇ ಸ್ವರಕ್ಕಿಂತ ಮುಂಚೆ ಒಂದು ಪುಟ್ಟ ಮೌನ ಕೂಡ ಬರೆದಿದೆ, ಅದು ನಮ್ಮ ಕಿವಿಗೆ ಬೀಳಲ್ಲ ನಿಜ, ಆದರೆ ಆರ್ಕೆಸ್ಟ್ರಾ ಆ ಮೌನದಿಂದ ಚಿಮ್ಮಿಕೊಂಡು ಬರುತ್ತಾ ಇಲ್ಲಾ ಮೂರು ಸ್ವರನ ನಿಧಾನಕ್ಕೆ ಭಾರವಾಗಿ ಬಡಿದು ಇಡುತ್ತಾ ಅನ್ನೋದು ಚೆನ್ನಾಗಿ ಕೇಳಿಸುತ್ತೆ. ಬರೀ ಹತ್ತು ಸೆಕೆಂಡ್ ಕೆಲಸ ಇದು.

ಇನ್ನೊಂದು ಜಾಗ ನನಗೆ ಇನ್ನೂ ಇಷ್ಟ. ಮೊದಲ ಮೂವ್‌ಮೆಂಟ್‌ನಲ್ಲಿ, ಅಂದ್ರೆ ಕೃತಿಯ ಮೊದಲ ದೊಡ್ಡ ಭಾಗದಲ್ಲಿ, ಎರಡನೇ ರಾಗ ಬರೋದಕ್ಕೆ ಮುಂಚೆ ಹಾರ್ನ್ ಅನ್ನೋ ಹಿತ್ತಾಳೆಯ ಊದುವ ವಾದ್ಯಗಳು ಜೋರಾಗಿ ಕೂಗಿ ಹೇಳ್ತವೆ. ಮೂವ್‌ಮೆಂಟ್‌ನ ಕೊನೇ ಭಾಗದಲ್ಲಿ ಅದೇ ಕೂಗು ವಾಪಸ್ ಬಂದಾಗ ಬೀಥೋವನ್ ಅದನ್ನ ಹಾರ್ನ್‌ಗೆ ಕೊಡದೆ ಬಸೂನ್ ಅನ್ನೋ ತಗ್ಗು ದನಿಯ ಮರದ ಊದುವ ವಾದ್ಯಕ್ಕೆ ಕೊಟ್ಟಿದಾನೆ. ಯಾಕಂದ್ರೆ ಆಗಿನ ಹಾರ್ನ್‌ಗೆ ಸ್ವರ ಬದಲಾಯಿಸೋ ವಾಲ್ವ್ ಇರ್ಲಿಲ್ಲ, ಶ್ರುತಿ ಬದಲಾದ ಮೇಲೆ ಅದೇ ವಾದ್ಯದಲ್ಲಿ ಆ ಸ್ವರಗಳು ಸಲೀಸಾಗಿ ಬರ್ತಿರ್ಲಿಲ್ಲ. ಮುಂದೆ ವಾಲ್ವ್ ಹಾರ್ನ್ ಬಂತು, ಆಗ ಬಹಳಷ್ಟು ಕಂಡಕ್ಟರ್‌ಗಳು ಬೀಥೋವನ್ ಕೈಯಲ್ಲಿ ಈ ವಾದ್ಯ ಇದ್ದಿದ್ರೆ ಹಾರ್ನ್‌ಗೇ ಬರೀತಿದ್ದ ಅಂದ್ಕೊಂಡು ಅಲ್ಲೂ ಹಾರ್ನ್‌ನೇ ನುಡಿಸಿದ್ರು. ಹಳೇ ಕಾಲದ ವಾದ್ಯಗಳಲ್ಲೇ ನುಡಿಸೋ ಗುಂಪುಗಳು, ಗಾರ್ಡಿನರ್ ಅವರದ್ದು, ನಾರಿಂಗ್ಟನ್ ಅವರದ್ದು, ಬಸೂನ್‌ಗೇ ಬಿಟ್ಟಿವೆ. ಹಾರ್ನ್ ಇದ್ರೆ ಆ ಜಾಗ ಗೆದ್ದವರ ಥರ ಕೇಳಿಸುತ್ತೆ, ಬಸೂನ್ ಇದ್ರೆ ಗಂಟಲು ಕಟ್ಟಿದವರು ಅದೇ ಮಾತನ್ನ ಕಷ್ಟಪಟ್ಟು ಹೇಳಿದ ಹಾಗೆ. ನನಗೆ ಬಸೂನೇ ಸರಿ ಅನ್ಸುತ್ತೆ, ಆ ಕಷ್ಟದಲ್ಲೇ ಏನೋ ಇದೆ. ಆದರೆ ಹಾರ್ನ್ ಹಾಕಿದವರು ತಪ್ಪು ಮಾಡಿದ್ರು ಅಂತ ಹೇಳಲಾರೆ, ಅವರದ್ದೂ ಯೋಚನೆ ಮಾಡಿ ತಗೊಂಡ ತೀರ್ಮಾನ.

ವೇಗದ ವಿಷಯ ಬಂದ್ರೆ ಹುಷಾರು. ಬೀಥೋವನ್ 1817ರಲ್ಲಿ ತನ್ನ ಮೊದಲ ಎಂಟು ಸಿಂಫನಿಗಳಿಗೆ ಮೆಟ್ರೊನೋಮ್ (ವೇಗ ಅಳೆಯೋ ಯಂತ್ರ) ಸಂಖ್ಯೆ ಪ್ರಕಟಿಸಿದ, ಐದನೇದರ ಮೊದಲ ಮೂವ್‌ಮೆಂಟ್‌ಗೆ 108, ಅಂದ್ರೆ ನಿಮಿಷಕ್ಕೆ 108 ಬಾರ್. ಒಟ್ಟು 502 ಬಾರ್ ಇವೆ, ಮೊದಲ 124ನ್ನ ಎರಡು ಸಲ ನುಡಿಸಬೇಕು, ನೀವೇ ಲೆಕ್ಕ ಹಾಕಿದ್ರೆ ನಿಲ್ಲಿಸಿ ಹಿಡಿಯೋ ಸ್ವರಗಳನ್ನ ಬಿಟ್ಟು 6 ನಿಮಿಷದ ಒಳಗೇ ಬರುತ್ತೆ. ಕಂಡಕ್ಟರ್ ಕಾರ್ಲೋಸ್ ಕ್ಲೈಬರ್ 1974ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು 7 ನಿಮಿಷ 20 ಸೆಕೆಂಡ್ ಆಸುಪಾಸು. ಅಂದ್ರೆ ಬೀಥೋವನ್ ಸಂಖ್ಯೆಗಿಂತ ನಿಧಾನವೇ, ಆದರೂ ಅದನ್ನ ಕೇಳಿದವರೆಲ್ಲ ಎಂಥಾ ಸ್ಪೀಡು ಅಂತಾರೆ! ಸ್ವರಗಳು ಅಷ್ಟು ಬಿಗಿಯಾಗಿ, ಅಷ್ಟು ಚುರುಕಾಗಿ ಒಂದರ ಹಿಂದೆ ಒಂದು ಬೀಳೋದ್ರಿಂದ ಹಾಗನ್ಸುತ್ತೆ. ಇದನ್ನ ಕೇಳಿದ ಮೇಲೆ ಇನ್ನೊಬ್ಬ ಕಂಡಕ್ಟರ್ ಫುರ್ಟ್‌ವೆಂಗ್ಲರ್ ಯುದ್ಧ ಮುಗಿದ ಮೇಲೆ 1947ರ ಮೇ ತಿಂಗಳಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್‌ಗೆ ವಾಪಸ್ ಬಂದಾಗಿನ ಕಛೇರಿಯ ರೆಕಾರ್ಡಿಂಗ್ ಕೇಳಿ, ಅಲ್ಲಿ ವೇಗ ಉಸಿರಾಟದ ಥರ ಹಿಗ್ಗುತ್ತೆ ಕುಗ್ಗುತ್ತೆ, ಓಬೋ ಅನ್ನೋ ಊದುವ ವಾದ್ಯ ಒಂದೇ ಒಂಟಿಯಾಗಿ ಹಾಡೋ ಜಾಗದಲ್ಲಿ ಇಡೀ ಲೋಕ ನಿಂತ ಹಾಗಿರುತ್ತೆ.

ಒಂದು ಹೆಸರು ಕೇಳಿದ್ರಿ, ಜಾರಿಕೊಳ್ಳಲ್ಲ: ಕ್ಲೈಬರ್ 1974 ಇಂದ ಶುರು ಮಾಡಿ. ಆದರೆ ಅದೊಂದನ್ನೇ ಇಟ್ಕೊಂಡು ಕೂರಬೇಡಿ. ಅದೇ ಕ್ಲೈಬರ್ ಅದೇ ಆರ್ಕೆಸ್ಟ್ರಾ ಜೊತೆ ಏಳನೇ ಸಿಂಫನಿನೂ ಮಾಡಿದಾರೆ, ಅದರ ಎರಡನೇ ಮೂವ್‌ಮೆಂಟ್ ಮುಗಿಯೋ ಜಾಗ ಗಮನಿಸಿ. ಹೆಚ್ಚಿನವರು ಕೊನೇ ಸ್ವರಗಳನ್ನ ಬಿಲ್ಲಲ್ಲಿ ನುಡಿಸಿ ಮುಗಿಸಿದ್ರೆ ಇವರು ವಯೊಲಿನ್ ತಂತಿಗಳನ್ನ ಬೆರಳಲ್ಲೇ ಮೀಟಿಸಿ ಮುಗಿಸ್ತಾರೆ. ಅವರ ಅಪ್ಪ ಎರಿಕ್ ಕ್ಲೈಬರ್ ಕೂಡ ಹಾಗೇ ಮಾಡ್ತಿದ್ರು. ಅಪ್ಪನದ್ದು, ಮಗನದ್ದು ಪಕ್ಕ ಪಕ್ಕ ಇಟ್ಟು ಆ ಕೊನೇ ಅರ್ಧ ನಿಮಿಷ ಕೇಳಿದಾಗ ನನಗೆ ಮೈ ಜುಮ್ಮಂದಿತ್ತು.

ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಸ್ಟುಡಿಯೋದಲ್ಲಿ ನುಡಿಸಿದ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎರಡಿದೆ. 1955ರದ್ದು 38 ನಿಮಿಷ, 1981ರದ್ದು 51 ನಿಮಿಷ. ಅದೇ ಮನುಷ್ಯ, ಅದೇ ಬಾಖ್. ವಯಸ್ಸಾಗಿ ನಿಧಾನ ಆದ್ರಾ?

ಎಲ್ಲರೂ ಹಾಗೇ ಅಂದ್ಕೊಳ್ತಾರೆ, ಪೂರ್ತಿ ಸರಿ ಅಲ್ಲ. ಮೊದಲು ಲೆಕ್ಕದ ತೊಡಕು ಬಿಡಿಸೋಣ. ವೇರಿಯೇಷನ್ ಅಂದ್ರೆ ಒಂದೇ ಮೂಲನ ಬೇರೆ ಬೇರೆ ರೂಪದಲ್ಲಿ ಬರೆದ ಪುಟ್ಟ ಭಾಗ. ಬಾಖ್ ಪ್ರತಿ ವೇರಿಯೇಷನ್‌ನ ಎರಡೂ ಅರ್ಧಗಳನ್ನ ಮತ್ತೆ ನುಡಿಸಿ ಅಂತ ಗುರುತು ಹಾಕಿದಾನೆ. 1955ರಲ್ಲಿ ಗೂಲ್ಡ್ ಒಂದೂ ರಿಪೀಟ್ ಮಾಡ್ಲಿಲ್ಲ, 1981ರಲ್ಲಿ ಕೆಲವು ವೇರಿಯೇಷನ್‌ಗಳಲ್ಲಿ ಮೊದಲರ್ಧನ ಮತ್ತೆ ನುಡಿಸಿದ್ರು. ಹಾಗಾಗಿ ಒಟ್ಟು ನಿಮಿಷ ಹೋಲಿಸಿದ್ರೆ ಏನೂ ಗೊತ್ತಾಗಲ್ಲ. ಶುರುವಿನ ಆರಿಯಾ, ಅಂದ್ರೆ ಆ ಮೂಲ ಭಾಗ, ತಗೊಳ್ಳಿ, ಎರಡರಲ್ಲೂ ರಿಪೀಟ್ ಇಲ್ಲ, 1955ರಲ್ಲಿ 2 ನಿಮಿಷಕ್ಕೂ ಕಮ್ಮಿ, 1981ರಲ್ಲಿ 3 ನಿಮಿಷ ದಾಟುತ್ತೆ. ಇಲ್ಲಿ ನಿಮ್ಮ ಮಾತು ನಿಜ, ನಿಧಾನ ಆಗಿದೆ, ಒಂದೊಂದು ಸ್ವರನೂ ಬೆಳಕಿಗೆ ಹಿಡಿದು ನೋಡಿದ ಹಾಗಿದೆ.

ಆದರೆ 25ನೇ ವೇರಿಯೇಷನ್‌ಗೆ ಹೋಗಿ. ಇಡೀ ಕೃತಿಯಲ್ಲಿ ಎದೆ ಹಿಂಡೋ ಭಾಗ ಅದು, ಅಲ್ಲಿ ವಯಸ್ಸಾದ ಗೂಲ್ಡ್ ಹದಿನೈದು ನಿಮಿಷ ತಗೋತಾರೇನೋ ಅಂದ್ಕೊಂಡ್ರೆ 1955ಕ್ಕಿಂತ ಸ್ವಲ್ಪ ಬೇಗನೇ ಮುಗಿಸ್ತಾರೆ! ಇಪ್ಪತ್ತೆರಡರ ಹುಡುಗ ಅಲ್ಲಿ ದುಃಖನ ಎಳೆದು ಎಳೆದು ನುಡಿಸಿದಾನೆ, ನಲವತ್ತೆಂಟರವರು ಹಾಗೆ ಮಾಡ್ಲಿಲ್ಲ. ಎರಡನೇ ಸಲ ಗೂಲ್ಡ್‌ಗೆ ಬೇಕಾಗಿದ್ದಿದ್ದು ಒಂದು ವೇರಿಯೇಷನ್‌ನ ನಡೆ ಮುಂದಿನದ್ದರ ನಡೆಗೆ ಲೆಕ್ಕದಲ್ಲಿ ಹೊಂದಬೇಕು, ಶುರುವಿಂದ ಕೊನೇವರೆಗೂ ಒಂದೇ ಮಿಡಿತ ಒಳಗೆ ಓಡ್ತಿರಬೇಕು ಅನ್ನೋದು. ಅದನ್ನ ಹಿಡಿಯೋಕೆ ಒಂದು ವೇರಿಯೇಷನ್ ಮುಗಿದು ಇನ್ನೊಂದು ಶುರುವಾಗೋ ಸಂದಿನ ಕೇಳಿ, ಕಾಲು ತಾನಾಗೇ ಅದೇ ತಾಳಕ್ಕೆ ಮುಂದುವರೀತಾ ಇರುತ್ತೆ. 1955ರಲ್ಲಿ ಅಂಥ ಕಟ್ಟು ಇಲ್ಲ, ಒಂದೊಂದೂ ಪಟಾಕಿ ಥರ ಬೇರೆ ಬೇರೆ ಸಿಡಿಯುತ್ತೆ. ನನಗೆ 1981 ಹೆಚ್ಚು ಬೇಕು, ಆದರೆ ಬೆಳಿಗ್ಗೆ ಎದ್ದು ಉತ್ಸಾಹಕ್ಕೆ ಅಂತ ಹಾಕ್ಕೊಳ್ಳೋದು 1955ನೇ.

ಶುಬರ್ಟ್‌ನ ಕೊನೇ ಪಿಯಾನೋ ಸೊನಾಟಾ (ಹಲವು ಭಾಗಗಳ ಪಿಯಾನೋ ಕೃತಿ), ಬಿ ಫ್ಲಾಟ್ ಶ್ರುತಿಯದ್ದು, ಮೊದಲ ಮೂವ್‌ಮೆಂಟ್ ಪಿಯಾನೋ ವಾದಕ ರಿಖ್ಟರ್ 24 ನಿಮಿಷ ನುಡಿಸ್ತಾರೆ, ಇನ್ನೊಬ್ಬ ವಾದಕ ಬ್ರೆಂಡಲ್ ಅದಕ್ಕಿಂತ ಎಷ್ಟೋ ಬೇಗ ಮುಗಿಸ್ತಾರೆ. ಬ್ರೆಂಡಲ್ ಕತ್ತರಿ ಹಾಕಿದಾರಾ?

ಕತ್ತರಿ ಅನ್ನೋದು ಸ್ವಲ್ಪ ಕಠಿಣ ಮಾತು, ಮೂವ್‌ಮೆಂಟ್‌ನ ಮೊದಲ ಭಾಗದ ರಿಪೀಟ್ ಬಿಟ್ಟಿದಾರೆ. ಬೇಕಂತಲೇ ಬಿಟ್ಟು, ಯಾಕೆ ಬಿಟ್ಟೆ ಅಂತ ಬರೆದು ವಾದನೂ ಮಾಡಿದಾರೆ. ರಿಖ್ಟರ್ ರಿಪೀಟ್ ಮಾಡ್ತಾರೆ, ಮೇಲಾಗಿ ವೇಗನೂ ಬಹಳ ಬಹಳ ನಿಧಾನ, ಎರಡೂ ಸೇರಿ ಅಷ್ಟು ಉದ್ದ.

ಇಲ್ಲಿ ವಿಷಯ ಬರೀ ಉದ್ದದ್ದಲ್ಲ. ರಿಪೀಟ್‌ಗೆ ವಾಪಸ್ ಹೋಗೋಕೆ ಅಂತಲೇ ಶುಬರ್ಟ್ ಒಂಬತ್ತು ಬಾರ್ ಬೇರೆ ಸಂಗೀತ ಬರೆದಿದಾನೆ, ರಿಪೀಟ್ ಬಿಟ್ರೆ ಆ ಒಂಬತ್ತು ಬಾರ್ ಎಲ್ಲೂ ಕೇಳಿಸಲ್ಲ. ಸೊನಾಟಾ ಶುರುವಲ್ಲಿ ಆ ಶಾಂತ ರಾಗದ ಕೆಳಗೆ ದೂರದ ಗುಡುಗಿನ ಥರ ತಗ್ಗಿನ ಸ್ವರದಲ್ಲಿ ಒಂದು ಕಂಪನ ಬರುತ್ತಲ್ಲ, ಮೆಲ್ಲಗೆ, ಇದೆಯೋ ಇಲ್ವೋ ಅನ್ನೋ ಹಾಗೆ, ಅದೇ ಕಂಪನ ಈ ಒಂಬತ್ತು ಬಾರ್‌ನಲ್ಲಿ ಪೂರ್ತಿ ಜೋರಾಗಿ ತಲೆ ಮೇಲೇ ಬಂದು ಬೀಳುತ್ತೆ. ಅದನ್ನ ಒಂದ್ಸಲ ಕೇಳಿದ ಮೇಲೆ ಮುಂದೆ ಬರೋ ಪ್ರತಿ ಮೆಲುದನಿ ಕಂಪನಕ್ಕೂ ಅರ್ಥ ಬೇರೆ ಆಗುತ್ತೆ, ಆ ಗುಡುಗು ಏನು ಮಾಡಬಲ್ಲದು ಅಂತ ನಮಗೀಗ ಗೊತ್ತು. ಬ್ರೆಂಡಲ್ ಅಂಥವರಿಗೆ ಆ ಸ್ಫೋಟ ಈ ಮೂವ್‌ಮೆಂಟ್‌ನ ಸ್ವಭಾವಕ್ಕೇ ಹೊಂದಲ್ಲ ಅನ್ಸಿದೆ. ಬ್ರೆಂಡಲ್ ಮೇಲೆ ನನಗೆ ತುಂಬಾ ಗೌರವ, ಆದರೆ ಈ ವಿಷಯದಲ್ಲಿ ಒಪ್ಪಲಾರೆ. 1828ರ ಸೆಪ್ಟೆಂಬರ್‌ನಲ್ಲಿ ಬರೆದ ಕೃತಿ, ನವೆಂಬರ್‌ನಲ್ಲಿ ಶುಬರ್ಟ್ ಹೋಗಿಬಿಟ್ಟ, ಅಂಥ ಕೃತಿಯಲ್ಲಿ ಒಂಬತ್ತು ಬಾರ್‌ನ ಬಿಡೋಕೆ ನನಗೆ ಮನಸ್ಸು ಬರಲ್ಲ.

ಎರಡು ರೆಕಾರ್ಡಿಂಗ್ ಹೋಲಿಸಿದಾಗ ಒಂದು ತಕ್ಷಣ ಇಷ್ಟ ಆಗಿಬಿಡುತ್ತೆ. ಹೆಸರು ನೋಡಿ ಮೋಸ ಹೋಗ್ತಿದೀನಾ ಅಂತ ಅನುಮಾನ. ಪರೀಕ್ಷೆ ಮಾಡೋದು ಹೇಗೆ?

ಮೊದಲು ವಾಲ್ಯೂಮ್ ಸರಿ ಮಾಡ್ಕೊಳ್ಳಿ. ಎರಡರಲ್ಲಿ ಒಂದು ಚೂರೇ ಚೂರು ಜೋರಾಗಿದ್ರೂ ನಮ್ಮ ಕಿವಿ ಅದನ್ನ ಜೋರು ಅಂತ ಹೇಳಲ್ಲ, ಚೆನ್ನಾಗಿದೆ, ತುಂಬಿದ ನಾದ ಅಂತ ಹೇಳುತ್ತೆ. ಆಮೇಲೆ ಯಾರಾದ್ರೂ ಜೊತೆಯವರಿಗೆ ಹೇಳಿ ಹೆಸರು ಕಾಣದ ಹಾಗೆ ಹಾಕಿಸ್ಕೊಳ್ಳಿ, ಒಂದು ನಿಮಿಷದ ತುಣುಕು ಸಾಕು, ಕೇಳಿದ ತಕ್ಷಣ ಎರಡು ಸಾಲು ಬರೆದಿಡಿ.

ಹೆಸರಿನ ಮೋಸದ ಅನುಮಾನ ಪಟ್ಟಿದ್ದು ಒಳ್ಳೇದೇ ಆಯ್ತು. ಜಾಯ್ಸ್ ಹ್ಯಾಟೊ ಅನ್ನೋ ಬ್ರಿಟಿಷ್ ಪಿಯಾನೋ ವಾದಕಿ ಹೆಸರಲ್ಲಿ ನೂರಕ್ಕೂ ಹೆಚ್ಚು ಸಿಡಿ ಬಂದಿದ್ವು, ಕಾಯಿಲೆಯಲ್ಲಿದ್ದುಕೊಂಡು ಇಷ್ಟೆಲ್ಲ ನುಡಿಸಿದ್ರು ಅಂತ ವಿಮರ್ಶಕರು ಹಾಡಿ ಹೊಗಳಿದ್ರು. 2007ರಲ್ಲಿ ಒಬ್ಬರು ಲಿಸ್ಟ್ ಅನ್ನೋ ಸಂಗೀತಗಾರನ ಕೃತಿಗಳಿದ್ದ ಅವರ ಸಿಡಿನ ಕಂಪ್ಯೂಟರ್‌ಗೆ ಹಾಕಿದ್ರೆ ಅದು ಲಾಸ್ಲೊ ಸಿಮೋನ್ ಅನ್ನೋ ಬೇರೆ ವಾದಕರ ಹೆಸರು ತೋರಿಸ್ತು. ಪರೀಕ್ಷೆ ಮಾಡಿ ನೋಡಿದ್ರೆ ಒಂದಾದ ಮೇಲೆ ಒಂದು ಬೇರೆಯವರ ರೆಕಾರ್ಡಿಂಗ್, ಕೆಲವದರ ವೇಗ ಮಾತ್ರ ಸ್ವಲ್ಪ ಬದಲಾಯಿಸಿದ್ರು. ಸಿಡಿ ತಂದಿದ್ದ ಅವರ ಗಂಡ ಕೊನೆಗೆ ಒಪ್ಕೊಂಡ್ರು. ನನಗೆ ಇದರಲ್ಲಿ ತುಂಬಾ ನೋವಾಗೋದು ಆ ನಿಜವಾದ ವಾದಕರ ಬಗ್ಗೆ, ಅದೇ ಬೆರಳುಗಳು ಅದೇ ಸ್ವರಗಳನ್ನ ಅವರ ಸ್ವಂತ ಹೆಸರಲ್ಲಿ ನುಡಿಸಿದಾಗ ಇಷ್ಟು ಜನ ತಿರುಗಿ ನೋಡಿರ್ಲಿಲ್ಲ.

ಹಳೇ ಮೋನೋ ರೆಕಾರ್ಡಿಂಗ್‌ಗಳಲ್ಲಿ ಬರೀ ಗರಗರ ಸದ್ದು. ಮಾಹ್ಲರ್ ಒಂಬತ್ತನೇ ಸಿಂಫನಿ ಕಂಡಕ್ಟರ್ ಬ್ರೂನೋ ವಾಲ್ಟರ್ 1938ರದ್ದು ಕೇಳಿ ಅಂತ ಎಲ್ಲರೂ ಹೇಳ್ತಾರೆ. ಸ್ಟೀರಿಯೊ ಇರುವಾಗ ಅದ್ಯಾಕೆ?

ಸ್ಟೀರಿಯೊನೂ ಅವರದ್ದೇ ಇದೆ, 1961ರದ್ದು, ಅದನ್ನೇ ಮೊದಲು ಕೇಳಿ. ಮಾಹ್ಲರ್ ಅಷ್ಟೊಂದು ವಾದ್ಯಗಳನ್ನ ಒಂದರ ಮೇಲೊಂದು ಹೆಣೆದಿರ್ತಾನೆ, ಹಳೇದರಲ್ಲಿ ಅರ್ಧ ಕೇಳಿಸಲ್ಲ, ಆದ್ದರಿಂದ ಸ್ಪಷ್ಟವಾಗಿರೋದ್ರಲ್ಲಿ ದಾರಿ ಪರಿಚಯ ಮಾಡ್ಕೊಂಡ್ರೆ ಆಮೇಲೆ ಗರಗರದ ನಡುವೆನೂ ಕಿವಿ ತಾನೇ ತುಂಬಿಸ್ಕೊಳ್ಳುತ್ತೆ. ಹೆಡ್‌ಫೋನ್ ಬೇಡ, ಸ್ಪೀಕರ್‌ನಲ್ಲಿ ಕೇಳಿ, ಸದ್ದು ಅಷ್ಟು ಚುಚ್ಚಲ್ಲ.

1961ರದ್ದು 80 ನಿಮಿಷದ ಮೇಲೆ, 1938ರದ್ದು 70ರ ಆಸುಪಾಸು. 1961ರಲ್ಲಿ ವಾಲ್ಟರ್‌ಗೆ ಎಂಬತ್ತು ದಾಟಿದೆ, ಸಮಾಧಾನವಾಗಿ ಬೀಳ್ಕೊಡ್ತಾರೆ. 1938ರ ಜನವರಿ 16ರಂದು ವಿಯೆನ್ನಾದಲ್ಲಿ ಕಛೇರಿ ನಡೀತಿದ್ದಾಗಲೇ ಹಿಡಿದ ಆ ಇನ್ನೊಂದರಲ್ಲಿ ಸಮಾಧಾನ ಅನ್ನೋದೇ ಇಲ್ಲ. ಈ ಸಿಂಫನಿನ ಮೊದಲ ಬಾರಿಗೆ ಲೋಕಕ್ಕೆ ಕೇಳಿಸಿದ್ದು ಇದೇ ವಾಲ್ಟರ್, 1912ರಲ್ಲಿ, ಮಾಹ್ಲರ್ ತೀರಿಕೊಂಡ ಮರುವರ್ಷ. 1938ರಲ್ಲಿ ಮುಂದಿನ ಕುರ್ಚಿಯಲ್ಲಿ ಕೂತು ವಯೊಲಿನ್ ನುಡಿಸ್ತಿದ್ದವರು ಆರ್ನಾಲ್ಡ್ ರೋಸೆ, ಮಾಹ್ಲರ್‌ನ ತಂಗಿಯ ಗಂಡ. ಎರಡೇ ತಿಂಗಳಲ್ಲಿ ಹಿಟ್ಲರ್ ಆಸ್ಟ್ರಿಯಾನ ನುಂಗಿದ, ಯಹೂದಿಗಳಾದ ವಾಲ್ಟರ್, ರೋಸೆ ಇಬ್ಬರಿಗೂ ಆ ಊರಲ್ಲಿ ಜಾಗ ಉಳೀಲಿಲ್ಲ. ಕೊನೇ ಮೂವ್‌ಮೆಂಟ್‌ನ ಕೊನೇ ಪುಟದಲ್ಲಿ ತಂತಿವಾದ್ಯಗಳು ಒಂದೊಂದೇ ಎಳೆಯಾಗಿ ಕರಗಿ ಹೋಗೋವಾಗ ಸಭೆಯಲ್ಲಿ ಕೂತವರ ಕೆಮ್ಮು ಕೂಡ ಕೇಳಿಸುತ್ತೆ. ಆ ಕೆಮ್ಮನ್ನ ಸದ್ದು ಅಂತ ತೆಗೆದು ಹಾಕಿದ ಪ್ರತಿ ಯಾರಾದ್ರೂ ಕೊಟ್ರೆ ನಾನು ಬೇಡ ಅಂತೀನಿ.