ಚಮಚ ಕಂಡ್ರೆ ಬಾಯಿ ಮುಚ್ಚೋ ಮಗು

ಪ್ರಶ್ನೆ: ಮಗನಿಗೆ ಎಂಟೂವರೆ ತಿಂಗಳು. 6 ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿದ್ವಿ, ಒಂದು ತಿಂಗಳು ಚೆನ್ನಾಗೇ ತಿಂದ, ಆಮೇಲೆ ಶೀತ ಆಗಿ ಬಿಟ್ಟವನು ಈಗ ಚಮಚ ಕಂಡ್ರೆ ಸಾಕು ಮುಖ ತಿರುಗಿಸ್ತಾನೆ, ಕೈಯಲ್ಲಿ ತಳ್ಳಿ ಎಲ್ಲಾ ಚೆಲ್ತಾನೆ. ನಮ್ಮತ್ತೆ ಕಾಲ ಮೇಲೆ ಮಲಗಿಸ್ಕೊಂಡು ಒಳಲೇಲಿ ಹಾಕ್ತಾರೆ, ಅವನೂ ಅಳ್ತಾನೆ ನಾನೂ ಅಳ್ತೀನಿ. ದೃಷ್ಟಿ ಮೂರು ಸಲ ತೆಗೆದಾಯ್ತು. ಆದ್ರೆ ನಾವು ಊಟಕ್ಕೆ ಕೂತ್ರೆ ನನ್ನ ತಟ್ಟೆಗೇ ಕೈ ಹಾಕ್ತಾನೆ, ಮೊನ್ನೆ ಇಡ್ಲಿ ಚೂರು ಕಿತ್ಕೊಂಡು ತಿಂದೇಬಿಟ್ಟ. ಕೈಗೇ ಕೊಡಬಹುದಾ? ಹಲ್ಲು ಎರಡೇ ಬಂದಿರೋದು.
— ಹೆಸರು ಬೇಡ, ತುಮಕೂರು

ಉತ್ತರ: ಉತ್ತರ ನಿಮ್ಮ ಮಗನೇ ಕೊಟ್ಟಿದ್ದಾನಲ್ಲಮ್ಮ, ಇಡ್ಲಿ ಕಿತ್ಕೊಂಡು. ಅವನಿಗೆ ಬೇಡವಾಗಿರೋದು ಊಟ ಅಲ್ಲ, ಚಮಚ. ಮನೇಲಿ ಎಲ್ಲರೂ ಕೈಯಲ್ಲಿ ಕಲೆಸಿ ತಿನ್ನೋವಾಗ ಅವನೊಬ್ಬನಿಗೆ ಮಾತ್ರ ಸ್ಟೀಲ್ ಚಮಚ ಯಾಕೆ ಅಂತ ಅವನು ಕೇಳಿದ್ರೆ ನಮ್ಮ ಹತ್ರ ಉತ್ತರ ಇದ್ಯಾ? ಅದರ ಮೇಲೆ ಶೀತ ಆಗಿ ಮೂಗು ಕಟ್ಟಿದ್ದಾಗ ಬಾಯಿಗೆ ತುರುಕಿದ್ದು ಅವನಿಗೆ ನೆನಪಿರುತ್ತೆ.

ಮೊದಲು ಒಳಲೆ ನಿಲ್ಲಿಸಿ. ಅತ್ತೆಗೆ ಬೇಜಾರಾಗ್ಬಹುದು, ಅವರ ಕಾಲದಲ್ಲಿ ಅದೇ ನಡೀತಿದ್ದಿದ್ದು, ಪ್ರೀತಿಗೇ ಮಾಡ್ತಿರೋದು, ಅದರಲ್ಲಿ ಅನುಮಾನ ಇಲ್ಲ, ಆದ್ರೆ ಮಲಗಿಸಿ ಅಳ್ತಿರೋ ಬಾಯಿಗೆ ಸುರಿದ್ರೆ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ, ಇದನ್ನ ಮಗುವಿನ ಡಾಕ್ಟರ್ ಬಾಯಲ್ಲೇ ಅವರಿಗೆ ಹೇಳ್ಸಿ, ಸೊಸೆ ಹೇಳೋದಕ್ಕಿಂತ ಬೇಗ ಒಪ್ಕೋತಾರೆ.

ಹಲ್ಲಿನ ಚಿಂತೆ ಬೇಡ. ಅಗಿಯೋ ದವಡೆ ಹಲ್ಲು ಹೆಂಗೂ ವರ್ಷ ಕಳೆದ ಮೇಲೇ ಬರೋದು, ಅಲ್ಲೀವರೆಗೂ ಎಲ್ಲ ಮಕ್ಕಳೂ ವಸಡಲ್ಲೇ ಅರೀತವೆ. ನೋಡ್ಬೇಕಾಗಿರೋದು ಬೇರೆ: ಕತ್ತು ನೆಟ್ಟಗೆ ನಿಲ್ಲುತ್ತಾ, ಬೀಳದೆ ಕೂರ್ತಾನಾ, ಸಿಕ್ಕಿದ್ದನ್ನ ತಾನೇ ಬಾಯಿಗೆ ತಗೊಂಡು ಹೋಗ್ತಾನಾ. ನೀವು ಬರ್ದಿರೋದು ನೋಡಿದ್ರೆ ಸರಿಯಾಗೇ ಇದೆ.

ಈಗ ಅವನು ಹಿಡಿಯೋದು ಇಡೀ ಮುಷ್ಟಿಯಲ್ಲಿ, ಅದಕ್ಕೇ ನಿಮ್ಮ ಬೆರಳುದ್ದ ಬೆರಳು ದಪ್ಪ ಇರ್ಲಿ, ಮುಷ್ಟಿಯಿಂದ ಸ್ವಲ್ಪ ಆಚೆ ಬಂದಿರ್ಬೇಕು. ಹೆಬ್ಬೆರಳು ತೋರ್ಬೆರಳು ಸೇರಿಸಿ ಚಿಕ್ಕ ಚೂರು ಹೆಕ್ಕೋದು 9-10 ತಿಂಗಳ ಹೊತ್ತಿಗೆ ಬರುತ್ತೆ, ಆವಾಗ ಚಿಕ್ಕದು ಮಾಡಿ. ಮೆತ್ತಗಿದ್ಯಾ ಅಂತ ಗೊತ್ತಾಗ್ಬೇಕಾ, ಎರಡು ಬೆರಳಲ್ಲಿ ಒತ್ತಿ, ಬೆಣ್ಣೆ ಥರ ಹಿಸುಕಿ ಹೋಗ್ಬೇಕು. ಬೇಯಿಸಿದ ಗೆಣಸು, ಸಿಹಿಕುಂಬಳ, ಸೀಮೆಬದನೆಕಾಯಿ, ಮೆತ್ತಗೆ ಬೆಂದ ಕ್ಯಾರೆಟ್, ಹಣ್ಣಾದ ಪಪ್ಪಾಯಿ, ರಾಗಿ ದೋಸೆ ಪಟ್ಟಿ, ಇಡ್ಲಿನ ಉದ್ದುದ್ದ ಕೊಯ್ದು ಬೇಳೆ ಕಟ್ಟಲ್ಲಿ ಒದ್ದೆ ಮಾಡಿದ್ದು (ಒಣ ಇಡ್ಲಿ ಗಂಟಲಲ್ಲಿ ಕಟ್ಕೊಳತ್ತೆ). ಬಾಳೆಹಣ್ಣಿಗೆ ಕೆಳಗಡೆ ಅರ್ಧ ಸಿಪ್ಪೆ ಬಿಟ್ಟು ಕೊಡಿ, ಜಾರಲ್ಲ, ಸಿಪ್ಪೆ ಕಚ್ಚದ ಹಾಗೆ ನೋಡ್ಕೊಳ್ಳಿ ಅಷ್ಟೇ. ಮುದ್ದೆ ಕೊಡಬಹುದಾ ಅಂತ ಎಲ್ಲರೂ ಕೇಳ್ತಾರೆ. ಅದು ನುಂಗೋ ಊಟ, ಅಗಿಯೋ ಊಟ ಅಲ್ಲ, ಅಂಟು ಬೇರೆ, ಉಂಡೆ ಕಟ್ಟಿ ಕೊಡ್ಲೇಬೇಡಿ, ಬೇಕಾದ್ರೆ ಉಪ್ಪು ಖಾರ ಇಲ್ಲದ ಸಾರಲ್ಲಿ ತೆಳ್ಳಗೆ ಕಿವುಚಿ.

ಮೊದಲ ವಾರ ಹೊಟ್ಟೆಗೆ ಹೋಗೋದು ಕಮ್ಮಿ, ನೆಲಕ್ಕೆ ಬೀಳೋದೇ ಜಾಸ್ತಿ. ಕೆಳಗೆ ಹಳೇ ಪಂಚೆ ಹಾಸಿ, ಬಟ್ಟೆ ಬಿಚ್ಚಿ ಕೂರ್ಸಿ, ನೀವೂ ಜೊತೇಲಿ ತಿನ್ನಿ, ಮೊಬೈಲ್ ಬೇಡ. ಎದೆಹಾಲು ಮೊದಲಿನ ಹಾಗೇ ಮುಂದುವರೀಲಿ, ಆದ್ರೆ ಊಟಕ್ಕೆ ಮುಂಚೆ ಹೊಟ್ಟೆ ತುಂಬಾ ಕುಡಿಸ್ಬೇಡಿ.

ನನಗೆ ನಿಜವಾದ ಚಿಂತೆ ಇರೋದು ಕಬ್ಬಿಣದಂಶದ್ದು. ಹುಟ್ಟುವಾಗ ತಂದ ದಾಸ್ತಾನು 6 ತಿಂಗಳ ಹೊತ್ತಿಗೆ ಖಾಲಿಯಾಗ್ತಾ ಬರುತ್ತೆ, ಎದೆಹಾಲಲ್ಲಿ ಅದು ಕಮ್ಮಿ, ಗೆಣಸು ಬಾಳೆಹಣ್ಣು ಪಪ್ಪಾಯಿ ಅಂತಲೇ ದಿನಾ ಕಳೆದ್ರೆ ಮಗು ಖುಷಿಯಾಗೇನೋ ತಿನ್ನುತ್ತೆ ಆದ್ರೆ ರಕ್ತ ಕಮ್ಮಿಯಾಗುತ್ತೆ. ತಿನ್ನೋರಾದ್ರೆ ಚೆನ್ನಾಗಿ ಬೆಂದ ಮೊಟ್ಟೆಯ ಆಮ್ಲೆಟ್ ಪಟ್ಟಿ, ಮೆತ್ತಗೆ ಬೆಂದ ಕೋಳಿ ಮಾಂಸ ಎಳೆ ಬಿಡಿಸಿ ಕೊಡಿ. ತಿನ್ನದೋರು ಹೆಸರುಬೇಳೆ ದೋಸೆಗೆ ಸೊಪ್ಪು ಅರೆದು ಹಾಕಿ, ಮೇಲೆ ಎರಡು ಹನಿ ನಿಂಬೆರಸ, ಹುಳಿ ಇದ್ರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತೆ. ಡಾಕ್ಟರ್ ಕಬ್ಬಿಣದ ಡ್ರಾಪ್ಸ್ ಬರ್ದಿದ್ರೆ ಬಿಡ್ಬೇಡಿ.

ಎರಡು ವರ್ಷದವರೆಗೆ ಸಕ್ಕರೆ ಬೇಡ, ಒಂದು ವರ್ಷದವರೆಗೆ ಉಪ್ಪು ಬೇಡ, ಜೇನುತುಪ್ಪ ನೆಕ್ಕಿಸೋದಂತೂ ಬೇಡವೇ ಬೇಡ. ಇಡೀ ಕಡ್ಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಹಸಿ ಸೇಬು, ಪಾಪ್‌ಕಾರ್ನ್, ಚಕ್ಕುಲಿ ಚೂರು, ಇವು ಕೈಗೆ ಸಿಗಬಾರದು.

ಇನ್ನೊಂದು ಮಾತು, ಎಲ್ಲಾನೂ ಅವನೇ ತಿನ್ಬೇಕು, ನಾವು ಮುಟ್ಟಲೇಬಾರದು ಅನ್ನೋ ಹಠ ನನಗೆ ಒಪ್ಪಿಗೆ ಇಲ್ಲ. ಮೊಸರನ್ನ ಕಿವುಚಿ ಕೈತುತ್ತು ತೋರಿಸಿ, ಬಾಯಿ ಮುಂದೆ ತಂದ್ರೆ ಕೊಡಿ, ಮುಖ ತಿರುಗಿಸಿದ್ರೆ ಮುಗೀತು ಅಂದ್ಕೊಳ್ಳಿ. ಆ ಕೆಲ್ಸ ಅತ್ತೆಗೇ ವಹಿಸಿ! ಚಮಚಾನೂ ಎಸೀಬೇಡಿ, ರಾಗಿ ಸರಿ ಗಟ್ಟಿಯಾಗಿ ಮಾಡಿ ಅದಕ್ಕೆ ಮೆತ್ತಿ ಅವನ ಕೈಗೇ ಕೊಟ್ಬಿಡಿ. ತಿಂಗಳಿಗೊಂದ್ಸಲ ಅಂಗನವಾಡೀಲಿ ತೂಕ ಮಾಡ್ಸಿ ತಾಯಿ ಕಾರ್ಡಲ್ಲಿ ಗುರುತು ಹಾಕ್ಸಿ, ಗೆರೆ ಮೇಲೆ ಹೋಗ್ತಿದ್ರೆ ಸುಮ್ನಿರಿ, ಮಟ್ಟಸ ಆದ್ರೆ ಅಥ್ವಾ ಇಳಿದ್ರೆ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: 9 ತಿಂಗಳ ಮೊಮ್ಮಗಳು ಬೀನ್ಸ್ ತಿನ್ನುವಾಗ ಒಕ್ ಒಕ್ ಅಂದು ಮುಖ ಕೆಂಪಾಯ್ತು. ನಾನು ಬೆರಳು ಹಾಕಿ ತೆಗೆದೆ, ಸೊಸೆ ಬೈದಳು.
— ಒಬ್ಬ ಅಜ್ಜಿ, ಹಾಸನ

ಉತ್ತರ: ಈ ಸಲ ಸೊಸೆ ಪರವಾಗೇ ನಾನು. ಸದ್ದು ಮಾಡ್ತಾ, ಕೆಮ್ತಾ ಒಕ್ ಅನ್ನೋದು ಓಕರಿಕೆ, ಮಕ್ಕಳಿಗೆ ಅದು ದೊಡ್ಡವರಿಗಿಂತ ನಾಲಿಗೆಯ ಮುಂದಿನ ಭಾಗದಿಂದಲೇ ಬರುತ್ತೆ, ದೊಡ್ಡ ಚೂರನ್ನ ಅವೇ ಆಚೆ ತಳ್ತವೆ. ಕಾಣದೆ ಬೆರಳು ಹಾಕಿದ್ರೆ ಇನ್ನೂ ಒಳಗೆ ಹೋಗ್ಬಹುದು. ಭಯ ಪಡ್ಬೇಕಾಗಿರೋದು ಸದ್ದೇ ಇಲ್ಲದಾಗ: ಅಳೋಕ್ಕಾಗಲ್ಲ, ಕೆಮ್ಮೋಕ್ಕಾಗಲ್ಲ, ತುಟಿ ನೀಲಿ. ಆವಾಗ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗೆ ಇರ್ಲಿ, ಬೆನ್ನಿನ ಎರಡು ರೆಕ್ಕೆ ಮೂಳೆ ಮಧ್ಯೆ ಅಂಗೈ ಬುಡದಿಂದ 5 ಏಟು, ಆಮೇಲೆ ತಿರುಗಿಸಿ ಎದೆ ಮಧ್ಯೆ ಒಂದು ಅಂಗೈ ಬುಡದಿಂದ 5 ಸಲ ಒತ್ತೋದು, ಚೂರು ಬರೋವರೆಗೂ ಹಾಗೇ ಮಾಡ್ತಾ ಇರೋದು, ಇನ್ನೊಬ್ಬರು 108ಕ್ಕೆ ಫೋನ್ ಮಾಡೋದು. ಓದಿ ಬರೋ ವಿದ್ಯೆ ಅಲ್ಲ ಇದು, ಮುಂದಿನ ಲಸಿಕೆಗೆ ಹೋದಾಗ ನರ್ಸಮ್ಮನ ಹತ್ರ ಗೊಂಬೆ ಇಟ್ಕೊಂಡು ತೋರ್ಸಿಕೊಳ್ಳಿ, ನೀವೂ ಸೊಸೇನೂ ಇಬ್ಬರೂ.